ಮರಳಿಸುವ ಧರ್ಮ: ಕ್ರೈಸ್ತ ನಂಬಿಕೆ ಮತ್ತು ಸತ್ಯದ ಬಾಳು

(ಬೈಲಹೊಂಗಲದಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚಿನ ರೂಪ)



ದತ್ತಿ ಅಂದರೆ ನಂಬಿಕೆಯ ವ್ಯವಹಾರ. ಯಾರೋ ಒಬ್ಬರು ದುಡಿದದ್ದರಲ್ಲಿ ಒಂದು ಪಾಲು ಎತ್ತಿಟ್ಟು, ಇದರ ಬಡ್ಡಿಯಿಂದ ವರ್ಷಕ್ಕೊಮ್ಮೆ ನಾಲ್ಕು ಒಳ್ಳೆಯ ಮಾತು ಆಡಿಸಿರಿ ಎಂದು ಹೇಳಿ ಹೋಗುತ್ತಾರೆ. ಅವರು ಹೋದ ಮೇಲೆ ಅಸಲಿಗೆ ಕೈ ಹಚ್ಚದೆ, ಬಡ್ಡಿಯನ್ನು ಬೇರೆ ಖರ್ಚಿಗೆ ತಿರುಗಿಸದೆ ನಡೆಸಿಕೊಂಡು ಬರುವವರು ಬೇಕು. ಇವತ್ತಿನ ವಿಷಯವೂ ಅದೇ. ನಮ್ಮ ಕೈಯಲ್ಲಿದ್ದರೂ ನಮ್ಮದಲ್ಲದ್ದನ್ನು ಏನು ಮಾಡುತ್ತೇವೆ? ಒಬ್ಬ ಮನುಷ್ಯನ ನಂಬಿಕೆಯನ್ನು ಅಳೆಯಲು ಇದಕ್ಕಿಂತ ದೊಡ್ಡ ಪ್ರಶ್ನೆ ನನಗೆ ಕಾಣುವುದಿಲ್ಲ.

ನಾನು ಕ್ರೈಸ್ತ ನಂಬಿಕೆಯೊಳಗಿಂದ ಮಾತಾಡುತ್ತೇನೆ. ಬೆಳಗಾವಿ ಜಿಲ್ಲೆಯಲ್ಲಿ ಕ್ರೈಸ್ತರ ಪ್ರಮಾಣ ನೂರಕ್ಕೆ ಒಬ್ಬರಷ್ಟೂ ಇಲ್ಲ. ಇಷ್ಟು ಚಿಕ್ಕ ಸಮುದಾಯಕ್ಕೆ ಸಂಖ್ಯೆಯ ಬಲವಾಗಲಿ ಮತದ ಬಲವಾಗಲಿ ಇಲ್ಲ. ನೆರೆಯವರು ನಮ್ಮನ್ನು ಗುರುತಿಸುವುದು ನಮ್ಮ ನಡತೆಯಿಂದ. ಹಾಗೆ ಗುರುತಿಸಿಕೊಳ್ಳುವ ಅವಕಾಶ ಸಿಕ್ಕಿರುವುದೇ ಒಂದು ದೊಡ್ಡ ಕೊಡುಗೆ ಎಂದು ನಾನು ತಿಳಿದಿದ್ದೇನೆ.

ಅತ್ತಿಮರದಿಂದ ಇಳಿದವನು

ಲೂಕನ ಸುವಾರ್ತೆಯಲ್ಲಿ ಜಕ್ಕಾಯನೆಂಬವನ ಕಥೆ ಇದೆ. ಯೆರಿಕೋ ಪಟ್ಟಣದ ಸುಂಕದವರಿಗೆಲ್ಲ ಮುಖ್ಯಸ್ಥ. ಆ ಕಾಲದಲ್ಲಿ ಸುಂಕ ವಸೂಲಿಯನ್ನು ಗುತ್ತಿಗೆ ಹಿಡಿಯುವ ಪದ್ಧತಿ ಇತ್ತು. ಸರಕಾರಕ್ಕೆ ಮುಟ್ಟಬೇಕಾದಷ್ಟು ಮುಟ್ಟಿಸಿದರೆ ಆಯಿತು, ಮೇಲೆ ಕಿತ್ತುಕೊಂಡದ್ದೆಲ್ಲ ವಸೂಲಿದಾರನ ಕಿಸೆಗೆ. ಕುಳ್ಳನಾದ ಜಕ್ಕಾಯ ಜನಜಂಗುಳಿಯಲ್ಲಿ ಯೇಸುವನ್ನು ಕಾಣಲಾಗದೆ ಅತ್ತಿಮರ ಹತ್ತುತ್ತಾನೆ. ಯೇಸು ಅವನನ್ನು ಹೆಸರು ಹಿಡಿದು ಕರೆದು, ಇವತ್ತು ನಿನ್ನ ಮನೆಗೆ ಬರುತ್ತೇನೆ ಎನ್ನುತ್ತಾನೆ. ಊರೆಲ್ಲ ಗೊಣಗುತ್ತದೆ.

ಮುಂದೆ ನಡೆದದ್ದನ್ನು ನಿಧಾನವಾಗಿ ನೋಡಬೇಕು. ಯೇಸು ಅವನಿಗೆ ಬುದ್ಧಿ ಹೇಳಲಿಲ್ಲ, ಲೆಕ್ಕ ಕೇಳಲಿಲ್ಲ. ಜಕ್ಕಾಯನೇ ಎದ್ದು ನಿಂತು ಲೆಕ್ಕ ಕೊಡುತ್ತಾನೆ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕು ಪಟ್ಟು. ಮೋಶೆಯ ಧರ್ಮಶಾಸ್ತ್ರದಲ್ಲಿ, ಮೋಸ ಮಾಡಿದವನು ತಪ್ಪು ಒಪ್ಪಿಕೊಂಡರೆ ಅಸಲಿನ ಮೇಲೆ ಐದನೆಯ ಒಂದು ಪಾಲು ಸೇರಿಸಿ ಹಕ್ಕುದಾರನಿಗೆ ಕೊಡಬೇಕು ಎಂದಿತ್ತು. ನಾಲ್ಕು ಪಟ್ಟು ಕೊಡಬೇಕಾದದ್ದು ಕುರಿ ಕದ್ದು ಕೊಯ್ದವನು ಅಥವಾ ಮಾರಿದವನು. ಜಕ್ಕಾಯ ತನಗೆ ಹಗುರವಾದ ಕಲಮನ್ನು ಹುಡುಕಲಿಲ್ಲ. ಕುರಿಗಳ್ಳನಿಗೆ ಬೀಳುವ ದಂಡವನ್ನು ತಾನೇ ತಲೆಯ ಮೇಲೆ ಹೊತ್ತುಕೊಂಡ.

ಆ ಶಾಸ್ತ್ರದಲ್ಲಿ ಇನ್ನೊಂದು ಕ್ರಮವೂ ಇದೆ. ಮೊದಲು ಹಕ್ಕುದಾರನಿಗೆ ಮರಳಿಸಬೇಕು, ಆಮೇಲೆ ದೇವರಿಗೆ ಬಲಿ ಒಪ್ಪಿಸಬೇಕು. ಯೇಸುವಿನ ಪರ್ವತ ಪ್ರಸಂಗದಲ್ಲೂ ಇದೇ ಕ್ರಮ. ಕಾಣಿಕೆ ಹಿಡಿದು ಬಂದವನಿಗೆ ಸಹೋದರನೊಂದಿಗಿನ ಜಗಳ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಇಟ್ಟು ಹೋಗಿ, ಒಂದಾಗಿ ಬರಬೇಕು. ದೇವರಿಗೆ ಕೊಟ್ಟು ಮನುಷ್ಯನ ಬಾಕಿ ಮುಚ್ಚಿಹಾಕಲು ದಾರಿ ಇಲ್ಲ.

ಈ ಕಥೆ ನಮ್ಮ ಸೀಮೆಗೆ ಹೊರಗಿನದಲ್ಲ. ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಒಲೆಯ ಮೇಲೆ ಇಡಲಿಲ್ಲ. ಅಗತ್ಯಕ್ಕೆ ಮೀರಿದ್ದು ನಮ್ಮದಲ್ಲ ಎಂದು ಗಂಡನನ್ನು ತಿರುಗಿ ಕಳಿಸಿದಳು. ಮುಗುಟಖಾನ ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯ ಐಕ್ಯಸ್ಥಳಕ್ಕೆ ಕೈಮುಗಿಯುವ ಜನಕ್ಕೆ ಲಕ್ಕಮ್ಮನನ್ನು ಪರಿಚಯಿಸಬೇಕಾಗಿಲ್ಲ. ಜಕ್ಕಾಯ ದೋಚಿದ್ದನ್ನು ಮರಳಿಸಿದ. ಲಕ್ಕಮ್ಮ ದೋಚದೆ ಬಂದದ್ದನ್ನೂ ಮರಳಿಸಿದಳು. ಕ್ರಿಸ್ತನನ್ನು ನಂಬುವ ನಾವು ಲಕ್ಕಮ್ಮನ ನಾಡಿನಲ್ಲಿ ಬಾಳುತ್ತಿದ್ದೇವೆ. ನಮ್ಮ ಮೇಲೆ ಎರಡು ಕಡೆಯ ಹೊಣೆ ಇದೆ.

ಪ್ಯಾಟಿಯ ಕಾಟಾ

ಸತ್ಯ ಎಂದ ಕೂಡಲೆ ನಮ್ಮ ಮನಸ್ಸು ಕೋರ್ಟು, ಆಣೆ, ಸಾಕ್ಷಿಗಳ ಕಡೆಗೆ ಓಡುತ್ತದೆ. ದಿನನಿತ್ಯ ಸತ್ಯದ ಪರೀಕ್ಷೆ ನಡೆಯುವುದು ಕಾಟಾದ ಮೇಲೆ. ಹತ್ತಿ ತುಂಬಿದ ಅಂಡಿಗೆ ಗಾಡಿಯಿಂದ ಇಳಿಯುತ್ತದೆ. ಹಮಾಲರು ಎತ್ತಿ ಇಡುತ್ತಾರೆ. ಮುಳ್ಳು ಅಲುಗಾಡುತ್ತಿರುವಾಗಲೇ ಯಾರೋ ತೂಕ ಕೂಗುತ್ತಾರೆ, ಯಾರೋ ಬರೆದುಕೊಳ್ಳುತ್ತಾರೆ. ತೇವ ಎಂದು ಇಷ್ಟು, ಕಸ ಎಂದು ಇಷ್ಟು, ಸೂಟು ಎಂದು ಇಷ್ಟು ಕಳೆಯುತ್ತದೆ. ಕಡೆಗೆ ರೈತನ ಕೈಗೆ ಬರುವುದು ಒಂದು ಬಿಳಿ ಚೀಟಿ. ಅದರಲ್ಲಿ ಅಂಗಡಿಯ ಹೆಸರಿಲ್ಲ, ಸಹಿ ಇಲ್ಲ. ಎಲ್ಲ ಅಂಗಡಿಗಳೂ ಹೀಗೆ ಎಂದು ನಾನು ಹೇಳುತ್ತಿಲ್ಲ. ಆದರೆ ಈ ಸಾಲುಗಳನ್ನು ಕೇಳಿ ತಲೆಯಾಡಿಸುತ್ತಿರುವ ರೈತರು ಇಲ್ಲಿ ಕುಳಿತಿದ್ದಾರೆ.

ಪ್ರವಾದಿ ಆಮೋಸನೂ ಇದೇ ಮಾತಿಗೆ ಸಿಟ್ಟಾದವನು. ಅವನು ಕುರಿ ಕಾಯುವವನು, ಅತ್ತಿಹಣ್ಣಿನ ತೋಟದ ಕೆಲಸದವನು. ಸಬ್ಬತ್ತು ಯಾವಾಗ ಮುಗಿದೀತು, ಅಂಗಡಿ ಯಾವಾಗ ತೆಗೆದೇವು ಎಂದು ಕಾಯುತ್ತ, ಅಳತೆಯ ಪಾತ್ರೆ ಕಿರಿದು ಮಾಡಿ, ಹಣ ತೂಗುವ ಕಲ್ಲು ಹಿರಿದು ಮಾಡುವ ವ್ಯಾಪಾರಿಗಳನ್ನು ಅವನು ಬಯಲಿಗೆಳೆದ. ಅವನು ಕೆರಳಿದ್ದು ಅವರು ಪೂಜೆ ಬಿಟ್ಟರು ಎಂದಲ್ಲ. ಪೂಜೆಯನ್ನೂ ಮಾಡುತ್ತ ಕಳ್ಳತೂಕವನ್ನೂ ನಡೆಸಿದರು ಎಂಬುದು ಅವನ ಸಿಟ್ಟು.

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಪಂಥದ ಕ್ರೈಸ್ತರು ಇದಕ್ಕೊಂದು ದಾರಿ ಕಂಡುಕೊಂಡರು. ಚೌಕಾಸಿ ಅಂದರೆ ಮೊದಲು ಸುಳ್ಳು ಬೆಲೆ ಹೇಳಿ ಆಮೇಲೆ ಇಳಿಯುವುದು. ಅದು ಬೇಡ ಎಂದು ಒಂದೇ ದರ ಹೇಳತೊಡಗಿದರು. ಮೊದಮೊದಲು ಗಿರಾಕಿ ದೂರ ಸರಿದರು. ಬರಬರುತ್ತ, ಚಿಕ್ಕ ಮಗುವನ್ನು ಕಳಿಸಿದರೂ ಇಲ್ಲಿ ಮೋಸವಿಲ್ಲ ಎಂದು ಅದೇ ಅಂಗಡಿಗಳಿಗೆ ಜನ ತಿರುಗಿ ಬಂದರು. ಅವರು ಕೋರ್ಟಿನಲ್ಲಿ ಆಣೆ ಮಾಡಲೂ ಒಪ್ಪುತ್ತಿರಲಿಲ್ಲ. ಆಣೆ ಮಾಡಿದಾಗ ಮಾತ್ರ ನಿಜ ಹೇಳುತ್ತೇನೆ ಎಂದರೆ ಉಳಿದ ದಿನ ಏನು ಹೇಳುತ್ತಿದ್ದೆ ಎಂಬ ಪ್ರಶ್ನೆ ಏಳುತ್ತದೆ ಎನ್ನುವುದು ಅವರ ವಾದ. ಅದಕ್ಕಾಗಿ ಅನೇಕರು ಜೈಲು ಕಂಡರು.

ರಾಮದುರ್ಗ, ಸುರೇಬಾನದ ಮಗ್ಗದ ಮನೆಗಳಲ್ಲೂ ಇದೇ ಪ್ರಶ್ನೆ ಇದೆ. ನೂಲು ಕೊಟ್ಟವರ ವಹಿಯಲ್ಲಿ ಒಂದು ಲೆಕ್ಕ, ನೇಯ್ದವನ ನೆನಪಿನಲ್ಲಿ ಒಂದು ಲೆಕ್ಕ. ನೇಕಾರನಿಗೆ ಓದು ಬರದಿದ್ದರೆ ವಹಿಯೇ ಗೆಲ್ಲುತ್ತದೆ. ಅಂಗಡಿ ಇಟ್ಟಿರುವ, ಕೂಲಿ ಕೊಡುವ, ವಹಿ ಬರೆಯುವ ಕ್ರೈಸ್ತನಿಗೆ ನಾನು ಹೇಳುವುದು ಇಷ್ಟೆ: ರವಿವಾರದ ಹಾಡಿಗಿಂತ ಸೋಮವಾರದ ಚೀಟಿ ನಿನ್ನ ದೊಡ್ಡ ಸಾಕ್ಷಿ. ಚೀಟಿಯ ಮೇಲೆ ಹೆಸರು ಇರಲಿ, ಸಹಿ ಇರಲಿ.

ಕಿತ್ತೂರಿನ ಮುಂದೆ ನಿಂತು

ಬೈಲಹೊಂಗಲದಲ್ಲಿ ನಿಂತು ಕ್ರೈಸ್ತ ಧರ್ಮದ ಸತ್ಯದ ಬಗ್ಗೆ ಮಾತಾಡುವವರು ಒಂದು ಇತಿಹಾಸವನ್ನು ದಾಟಿ ಹೋಗುವಂತಿಲ್ಲ. ಕಿತ್ತೂರಿನ ರಾಣಿ ಚನ್ನಮ್ಮ ಸೆರೆಯಲ್ಲಿ ಕೊನೆಯುಸಿರೆಳೆದದ್ದು ಇದೇ ಊರಿನಲ್ಲಿ, 1829ರಲ್ಲಿ. ಸಮಾಧಿಯೂ ಇಲ್ಲೇ ಇದೆ.

1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡ. ಸಾಯುವ ಮುಂಚೆ ಮಾಸ್ತಮರಡಿಯ ಹುಡುಗನನ್ನು ದತ್ತು ತೆಗೆದುಕೊಂಡಿದ್ದ. ಈಸ್ಟ್ ಇಂಡಿಯಾ ಕಂಪನಿಯ ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಖಜಾನೆಗೆ ಮೊಹರು ಬಿತ್ತು. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಅವನ ಸಹಾಯಕರಾದ ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆಯಾದರು. ಚನ್ನಮ್ಮ ಅವರನ್ನು ಗೌರವದಿಂದ ನೋಡಿಕೊಂಡಳು. ಡಿಸೆಂಬರ್ ಆರಂಭದಲ್ಲಿ ಅವರನ್ನು ಬಿಟ್ಟುಕೊಟ್ಟಳು. ಆದರೂ ದಾಳಿ ನಿಲ್ಲಲಿಲ್ಲ. ಡಿಸೆಂಬರ್ 5ಕ್ಕೆ ಕೋಟೆ ಬಿತ್ತು.

ಆ ಅಧಿಕಾರಿಗಳು ದೀಕ್ಷಾಸ್ನಾನ ಪಡೆದವರು, ಸತ್ಯವೇದ ಕೇಳಿ ಬೆಳೆದವರು. ಆ ಗ್ರಂಥದಲ್ಲಿ ನಾಬೋತನ ಕಥೆ ಇದೆ. ಅಹಾಬ ರಾಜನಿಗೆ ಅರಮನೆಯ ಪಕ್ಕದ ದ್ರಾಕ್ಷಿ ತೋಟದ ಮೇಲೆ ಕಣ್ಣು. ಪಿತ್ರಾರ್ಜಿತ, ಕೊಡಲಾರೆ ಎಂದ ನಾಬೋತ. ರಾಣಿ ಈಜೆಬೆಲಳು ರಾಜನ ಮೊಹರು ಒತ್ತಿ ಪತ್ರ ಬರೆಸಿ, ಸುಳ್ಳು ಸಾಕ್ಷಿ ನಿಲ್ಲಿಸಿ, ನಾಬೋತನನ್ನು ಕಲ್ಲು ಹೊಡೆಸಿ ಕೊಲ್ಲಿಸಿದಳು. ತೋಟ ವಶಪಡಿಸಿಕೊಳ್ಳಲು ಹೋದ ಅಹಾಬನ ಎದುರು ಪ್ರವಾದಿ ಎಲೀಯ ಬಂದು ನಿಂತ. ಎಲ್ಲವೂ ಕಾಗದದ ಮೇಲೆ ಸರಿಯಾಗಿತ್ತು: ಪತ್ರ, ಮೊಹರು, ಸಾಕ್ಷಿ, ತೀರ್ಪು. ದೇವರ ಮುಂದೆ ಅದು ಕೊಲೆ ಮತ್ತು ಕಳವು.

ಕಿತ್ತೂರಿನಲ್ಲಿಯೂ ಮೊಹರು, ದತ್ತಕ ಪತ್ರ, ಸಹಿ ಇವುಗಳ ಹೆಸರಿನಲ್ಲೇ ಒಂದು ನಾಡು ಹೋಯಿತು. ಬೆಳಗಾವಿಯಲ್ಲಿ ಲಂಡನ್ ಮಿಶನ್ನಿನ ಜೋಸೆಫ್ ಟೇಲರ್ 1820ರಲ್ಲೇ ಕೆಲಸ ಆರಂಭಿಸಿದ್ದರು. ಸುವಾರ್ತೆಯೂ ಕಂಪನಿಯ ಫಿರಂಗಿಯೂ ಈ ಸೀಮೆಗೆ ಬಂದದ್ದು ಹೆಚ್ಚು ಕಡಿಮೆ ಒಂದೇ ಕಾಲಕ್ಕೆ. ಅದಕ್ಕಾಗಿ ಇಲ್ಲಿನ ಕ್ರೈಸ್ತನು ಚನ್ನಮ್ಮನ ಪಕ್ಷದಲ್ಲಿ ನಿಂತು ಇತಿಹಾಸ ಹೇಳಬೇಕು. ಅವನ ಸತ್ಯವೇದವೇ ಅವನನ್ನು ನಾಬೋತನ ಪಕ್ಷದಲ್ಲಿ ನಿಲ್ಲಿಸುತ್ತದೆ. ಗೆದ್ದವರ ಧರ್ಮ ಮತ್ತು ನನ್ನ ಧರ್ಮದ ಹೆಸರು ಒಂದೇ ಎಂದು ಅನ್ಯಾಯಕ್ಕೆ ನ್ಯಾಯದ ಬಣ್ಣ ಬಳಿಯುವುದು ಸುಳ್ಳು ಸಾಕ್ಷಿ.

ಸೆರೆಯಿಂದ ಬದುಕಿ ಬಂದ ವಾಲ್ಟರ್ ಎಲಿಯಟ್ ಮುಂದೆ ಈ ನಾಡಿನ ನೂರಾರು ಶಾಸನಗಳ ನಕಲು ಮಾಡಿಸಿ ಕೂಡಿಸಿದ. ಮರಾಠಿ ಶಾಲೆಗಳ ಕಾಲದಲ್ಲಿ ಧಾರವಾಡದ ಕಡೆ ಕನ್ನಡ ಶಾಲೆಗೆ ಒತ್ತಾಸೆಯಾದ. ಕಿತ್ತೂರು ಕಳೆದುಕೊಂಡದ್ದಕ್ಕೆ ಇದು ಪರಿಹಾರ ಆಗಲಾರದು. ಆದರೂ ಚನ್ನಮ್ಮ ಉಳಿಸಿದ ಒಂದು ಜೀವದಿಂದ ಕನ್ನಡಕ್ಕೆ ಇಷ್ಟು ಬಂದಿತು ಎಂಬುದನ್ನು ನಾನು ಕೃತಜ್ಞತೆಯಿಂದ ಹೇಳುತ್ತೇನೆ. ಆ ಕೃತಜ್ಞತೆ ಸಲ್ಲಬೇಕಾದದ್ದು ಮೊದಲು ರಾಣಿಗೆ.

ಕನ್ನಡಕ್ಕೆ ಮರಳಿಸಿದವರು

ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಬಂದರು. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳಲ್ಲಿ ಇದ್ದು ಕನ್ನಡ ಕಲಿತರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. ಸುಮಾರು 70,000 ಶಬ್ದಗಳ ಗ್ರಂಥ. ಹಳಗನ್ನಡ ಕಾವ್ಯ, ಗಾದೆ, ಆಡುಮಾತು ಎಲ್ಲಕ್ಕೂ ಅಲ್ಲಿ ಜಾಗವಿದೆ. ತಮ್ಮ ಪಂಥಕ್ಕೆ ಬೇಕಾದ ಶಬ್ದಗಳನ್ನಷ್ಟೇ ಆರಿಸಿಕೊಂಡಿದ್ದರೆ ಒಂದು ಚಿಕ್ಕ ಪುಸ್ತಕದಲ್ಲಿ ಕೆಲಸ ಮುಗಿಯುತ್ತಿತ್ತು. ಶೈವ, ಜೈನ, ವೈಷ್ಣವ ಗ್ರಂಥಗಳ ಮಾತಿಗೂ ಅಷ್ಟೇ ಶ್ರದ್ಧೆಯಿಂದ ಅರ್ಥ ಬರೆದರು. ಕನ್ನಡಿಗರಿಂದ ಕಲಿತದ್ದನ್ನು ಕನ್ನಡಿಗರಿಗೆ ಮರಳಿಸಿದರು.

ಇನ್ನೊಬ್ಬರು ನಮ್ಮವರೇ ಆದ ರೆವರೆಂಡ್ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿ ಬಾಳಿದರು. ಸರ್ವಜ್ಞನ ತ್ರಿಪದಿಗಳು ಆ ಕಾಲಕ್ಕೆ ಓಲೆಗರಿಗಳಲ್ಲಿ, ಕಾಗದದ ಕಟ್ಟುಗಳಲ್ಲಿ, ಹಳ್ಳಿಯ ಬಾಯಿಗಳಲ್ಲಿ ಚೆದುರಿ ಹೋಗಿದ್ದವು. ಚನ್ನಪ್ಪನವರು ಊರೂರು ತಿರುಗಿ ಪ್ರತಿಗಳನ್ನು ಕೂಡಿಸಿ, ಒಂದಕ್ಕೊಂದು ಹೋಲಿಸಿ, ಸುಮಾರು ಎರಡು ಸಾವಿರ ಪದಗಳ ಸಂಗ್ರಹವನ್ನು 1924ರಲ್ಲಿ ಪ್ರಕಟಿಸಿದರು. ಚನ್ನಮ್ಮನ ಯುದ್ಧಕ್ಕೆ ಸರಿಯಾಗಿ ನೂರು ವರ್ಷ ತುಂಬಿದ ವರ್ಷ ಅದು. ಮುಂದೆ ಶರಣರಾದ ಸಿದ್ಧರಾಮ, ಮೋಳಿಗೆಯ ಮಾರಯ್ಯ, ಅನುಭವ ಮಂಟಪಗಳ ಮೇಲೆ ಗ್ರಂಥ ಬರೆದರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಜನ ಅವರನ್ನು ತಿರುಳ್ಗನ್ನಡದ ತಿರುಕ ಎಂದು ಕರೆದರು. 1962ರಲ್ಲಿ ತೀರಿಕೊಂಡರು.

ಒಬ್ಬ ಪಾದ್ರಿ ಶರಣರ ಬಗ್ಗೆ ಬರೆಯುವಾಗ ಎರಡು ಸುಲಭದ ದಾರಿಗಳಿದ್ದವು. ಹೀಗಳೆದು ತನ್ನವರನ್ನು ಮೆಚ್ಚಿಸಬಹುದಿತ್ತು. ಇಲ್ಲವೆ ತನ್ನ ನಂಬಿಕೆಯನ್ನು ಮರೆಮಾಚಿ ಓದುಗರನ್ನು ಮೆಚ್ಚಿಸಬಹುದಿತ್ತು. ಚನ್ನಪ್ಪನವರು ಕ್ರಿಸ್ತಭಕ್ತರಾಗಿಯೇ ಉಳಿದು, ಶರಣರಿಗೆ ಸಲ್ಲಬೇಕಾದದ್ದನ್ನು ಪೂರ್ತಿಯಾಗಿ ಸಲ್ಲಿಸಿದರು. ಬನಾರಸಕ್ಕೆ ಬೆಥ್ಲೆಹೆಮಿನ ವಿನಂತಿ ಎಂಬ ಗ್ರಂಥ ಬರೆದ ಕೈಯೇ ಸರ್ವಜ್ಞನನ್ನೂ ಉಳಿಸಿಕೊಟ್ಟಿತು. ನೆರೆಯವನ ಸಂಪತ್ತನ್ನು ನೆರೆಯವನ ಹೆಸರಿನಲ್ಲೇ ಬರೆದಿಡುವುದು ಪ್ರಾಮಾಣಿಕತೆಯ ಎತ್ತರದ ಮೆಟ್ಟಿಲು.

ಇದೇ ತಾಲೂಕಿನ ದೇಶನೂರಿನಲ್ಲಿ ಯೇಸುಸಭೆಯ (ಜೆಸ್ವಿಟ್) ಗುರುಗಳು ನಡೆಸುವ ಸ್ನಾನಿಕ ಅರುಳಪ್ಪನವರ (ಸ್ನಾನಿಕ ಯೋಹಾನನ) ವಿರಕ್ತ ಮಠವನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಅಲ್ಲಿಯ ಗುರುಗಳು ಕಾವಿ ತೊಟ್ಟವರು. ಹೀಗೆ ಕಾವಿ ತೊಡುವುದು ಮೋಸವಾಗುವುದಿಲ್ಲವೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ತಾನು ಯಾರೆಂದು ಮುಚ್ಚಿಟ್ಟು ತೊಟ್ಟ ಬಟ್ಟೆ ಮೋಸ. ತಾನು ಯಾರೆಂದು ಮಠದ ಹೆಸರಿನಲ್ಲೇ ಹೇಳಿಕೊಂಡು, ಈ ನೆಲದ ಸನ್ಯಾಸಕ್ಕೆ ತಲೆಬಾಗಿ ತೊಟ್ಟದ್ದು ಗೌರವ. ವ್ಯತ್ಯಾಸ ಇರುವುದು ಬಿಚ್ಚುಮನಸ್ಸಿನಲ್ಲಿ.

ಸಭೆಯ ಲೆಕ್ಕ, ಕೇರಿಯ ಲೆಕ್ಕ

ಈಗ ನಮ್ಮ ಮನೆಯೊಳಗಿನ ಮಾತು. ಬೆಳಗಾವಿಯ ಲಂಡನ್ ಮಿಶನ್ನಿನ ಕೆಲಸ 1904ರಲ್ಲಿ ಅಮೆರಿಕದ ಮೆಥೋಡಿಸ್ಟರ ಕೈಗೆ ಬಂತು. ಈ ಸೀಮೆಯ ಹಳ್ಳಿಗಳ ಸಭೆಗಳಲ್ಲಿ ಬಹಳಷ್ಟು ಬೆಳೆದದ್ದು ಕೇರಿಗಳಲ್ಲಿ. ಕೂಲಿ ಮಾಡುವವರು, ತುಂಡು ಹೊಲದವರು ಕಟ್ಟಿದ ಸಭೆಗಳು ಅವು.

ಅಲ್ಲಿಯ ಸುಗ್ಗಿ ಹಬ್ಬವನ್ನು ನೋಡಬೇಕು. ಜೋಳದ ಚೀಲ, ಕಡಲೆ, ಶೇಂಗಾ, ಕಾಲು ಕಟ್ಟಿದ ಕೋಳಿ, ಬುಟ್ಟಿಯಲ್ಲಿ ತತ್ತಿ ಎಲ್ಲವೂ ವೇದಿಕೆಯ ಮುಂದೆ ಬರುತ್ತವೆ. ಪ್ರಾರ್ಥನೆ ಮುಗಿದ ಮೇಲೆ ಅಂಗಳದಲ್ಲಿ ಲಿಲಾವು. ತನ್ನ ಮನೆಯ ಕೋಳಿಯನ್ನು ಕೊಟ್ಟವಳೇ ಬೇರೆಯವರ ಜೋಳವನ್ನು ಹೆಚ್ಚಿನ ದರಕ್ಕೆ ಕೂಗಿ ಕೊಳ್ಳುತ್ತಾಳೆ. ಹೀಗೆ ಬಂದ ಒಂದೊಂದು ರೂಪಾಯಿಯ ಹಿಂದೆ ಒಂದು ಹೊತ್ತಿನ ರೊಟ್ಟಿ ಇದೆ. ಅದರ ಲೆಕ್ಕವನ್ನು ಸಭೆಯ ಮುಂದೆ ಓದಿ ಹೇಳದ ಕಮಿಟಿಗೆ ಅದನ್ನು ಮುಟ್ಟುವ ಹಕ್ಕಿಲ್ಲ.

ಅಪೊಸ್ತಲರ ಕೃತ್ಯಗಳಲ್ಲಿ ಅನನೀಯ ಮತ್ತು ಅವನ ಹೆಂಡತಿ ಸಪ್ಫೈರಳ ಪ್ರಸಂಗವಿದೆ. ಹೊಲ ಮಾರಿದರು, ಹಣದಲ್ಲಿ ಸ್ವಲ್ಪ ಇಟ್ಟುಕೊಂಡರು, ಉಳಿದದ್ದನ್ನು ತಂದು ಇಷ್ಟೇ ಬಂದದ್ದು ಎಂದರು. ಇಟ್ಟುಕೊಂಡದ್ದು ತಪ್ಪಾಗಿರಲಿಲ್ಲ; ಹೊಲ ಅವರದೇ ಎಂದು ಅಪೊಸ್ತಲ ಪೇತ್ರನೇ ಹೇಳುತ್ತಾನೆ. ಇಷ್ಟೇ ಎಂದದ್ದು ಸುಳ್ಳು. ಸಭೆಯ ಆಸ್ತಿ, ಮಿಶನ್ನಿನ ಕಾಲದ ಜಾಗ, ಶಾಲೆಯ ಫೀ, ಕಾಣಿಕೆಯ ಪೆಟ್ಟಿಗೆ ಇವುಗಳ ಮೇಲೆ ಕೂತಿರುವ ಪ್ರತಿಯೊಬ್ಬರೂ ಆ ಅಧ್ಯಾಯವನ್ನು ವರ್ಷಕ್ಕೊಮ್ಮೆ ಓದಬೇಕು.

ಇನ್ನೊಂದು ಲೆಕ್ಕ ಇದಕ್ಕಿಂತ ಕಠಿಣ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು. ಕ್ರೈಸ್ತರಾದ ದಲಿತರಿಗೆ ವಿಸ್ತರಿಸಲಿಲ್ಲ. ಕರ್ನಾಟಕದಲ್ಲಿ ಅವರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಸೇರಿಸಲಾಗಿದೆ. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಈ ಭೇದ ತೆಗೆಯಬೇಕೆಂದು ಶಿಫಾರಸು ಮಾಡಿತು. 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ನೇತೃತ್ವದಲ್ಲಿ ಇನ್ನೊಂದು ಆಯೋಗ ರಚನೆಯಾಯಿತು.

ಇದರ ಫಲ ಏನು? ಅನೇಕ ಕುಟುಂಬಗಳಿಗೆ ಕಾಗದದಲ್ಲಿ ಒಂದು ಹೆಸರು, ಪ್ರಾರ್ಥನೆಯಲ್ಲಿ ಒಂದು ಹೆಸರು. ಮಗಳ ಸ್ಕಾಲರ್‌ಶಿಪ್ ಅರ್ಜಿಯ ಮುಂದೆ ಕೂತ ತಂದೆ ಧರ್ಮದ ಕಾಲಂ ತುಂಬುವಾಗ ಅವನ ಕೈ ತಡೆಯುತ್ತದೆ. ಊರ ಬಾವಿಯ ಕಟ್ಟೆಯ ಮೇಲೆ, ಚಹಾದ ಅಂಗಡಿಯಲ್ಲಿ ಅವನ ಜಾತಿಯನ್ನು ಯಾರೂ ಮರೆತಿಲ್ಲ. ಅರ್ಜಿ ಮಾತ್ರ ಮರೆ ಎನ್ನುತ್ತದೆ. ಅವನನ್ನು ಸುಳ್ಳುಗಾರ ಎನ್ನುವ ಅಧಿಕಾರ ಹೊಟ್ಟೆ ತುಂಬಿದ ನಮಗಿಲ್ಲ. ಸತ್ಯ ಹೇಳುವುದಕ್ಕೆ ಬಡವನೊಬ್ಬನೇ ಬೆಲೆ ತೆರಬೇಕಾದ ಕಟ್ಟಳೆಯನ್ನು ಬದಲಿಸಿರಿ ಎಂದು ಕೇಳುವುದು ಸಭೆಯ ಕೆಲಸ. ಬದಲಾಗುವ ತನಕ ಆ ಮಗಳ ಫೀ ತುಂಬುವುದೂ ಸಭೆಯ ಕೆಲಸ. ಆಗ ಆ ತಂದೆ ನಿಜ ಬರೆಯಲು ಧೈರ್ಯ ಮಾಡಬಹುದು.

ಸರಕಾರವನ್ನು ಕೇಳುವ ಮುಂಚೆ ನಮ್ಮೊಳಗೂ ಕೇಳಿಕೊಳ್ಳಬೇಕು. ಕರ್ತನ ಭೋಜನದಲ್ಲಿ ಒಂದೇ ಪಾತ್ರೆಯಿಂದ ಕುಡಿದವರು ಹೆಣ್ಣು-ಗಂಡು ನೋಡುವಾಗ ಮೂಲ ಯಾವುದು ಎಂದು ವಿಚಾರಿಸಿದರೆ, ಆ ಪಾತ್ರೆಯ ಮುಂದೆ ಹೇಳಿದ್ದು ಸುಳ್ಳಾಯಿತು. ಸವದತ್ತಿಯ ಸೀಮೆಯಲ್ಲಿ ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವುದನ್ನು 1982ರ ಕರ್ನಾಟಕದ ಕಾನೂನು ನಿಷೇಧಿಸಿತು. ಆ ತಾಯಂದಿರ ಮಕ್ಕಳು ನಮ್ಮ ಶಾಲೆಗೆ ಬಂದಾಗ ತಂದೆಯ ಹೆಸರು ಕೇಳಿ ತಲೆ ತಗ್ಗಿಸುವಂತೆ ಮಾಡುವ ಗುಮಾಸ್ತ ಎಷ್ಟೇ ಪ್ರಾರ್ಥಿಸಲಿ, ಕ್ರಿಸ್ತನ ಸೇವಕನಾಗಲಾರ. ಮಾನವೂ ಮರಳಿಸಬೇಕಾದ ಆಸ್ತಿಯೇ.

ಮಾಡಬೇಕಾದದ್ದು

ನಾನು ಕೇಳಿಕೊಳ್ಳುವುದು ನಾಲ್ಕು ಕೆಲಸ.

ಒಂದು, ಪ್ರತಿ ಸಭೆಯೂ ತನ್ನ ಜಮಾ-ಖರ್ಚನ್ನು ಗೋಡೆಗೆ ಹಚ್ಚಲಿ, ಓದು ಬರದವರಿಗೆ ಓದಿ ಹೇಳಲಿ.

ಎರಡು, ವ್ಯಾಪಾರ ಮಾಡುವ ಪ್ರತಿ ಕ್ರೈಸ್ತನೂ ಹೆಸರು, ತೂಕ, ದರ ಇರುವ ಪಟ್ಟಿ ಕೊಡಲಿ. ಹಿಂದೆ ಯಾರಿಗಾದರೂ ಕಡಿಮೆ ಕೊಟ್ಟದ್ದು ನೆನಪಾದರೆ ಅವರ ಮನೆಗೆ ಹೋಗಿ ಕೊಟ್ಟು ಬರಲಿ.

ಮೂರು, ನಮ್ಮ ರವಿವಾರದ ಶಾಲೆಗಳಲ್ಲಿ ಮಕ್ಕಳಿಗೆ ನಾಬೋತನ ಜೊತೆಗೆ ಚನ್ನಮ್ಮನನ್ನು, ಜಕ್ಕಾಯನ ಜೊತೆಗೆ ಲಕ್ಕಮ್ಮನನ್ನು, ಅಪೊಸ್ತಲ ಪೌಲನ ಜೊತೆಗೆ ಉತ್ತಂಗಿ ಚನ್ನಪ್ಪನವರನ್ನು ಹೇಳಿಕೊಡಲಿ.

ನಾಲ್ಕು, ಕೇರಿಯ ಮಕ್ಕಳ ಓದಿಗೆ ಒಂದು ನಿಧಿ ಇರಲಿ. ಅದನ್ನು ಪಡೆಯಲು ಯಾರೂ ತಾವು ಯಾರೆಂದು ಮುಚ್ಚಿಡಬೇಕಾಗದಿರಲಿ.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಪಾಂಡಿತ್ಯ ಬೇಡ. ನಷ್ಟ ತಾಳಿಕೊಳ್ಳುವ ಮನಸ್ಸು ಬೇಕು. ಜಕ್ಕಾಯನ ಆಸ್ತಿ ಕರಗಿತು, ಮೊದಲಿಗೆ ಕ್ವೇಕರರ ಗಿರಾಕಿ ಹೋದರು. ಸತ್ಯಕ್ಕೆ ಖರ್ಚಿದೆ ಎಂದು ಮೊದಲೇ ತಿಳಿದು ಹೊರಟವನು ಅರ್ಧ ದಾರಿಯಲ್ಲಿ ಹಿಂದಿರುಗುವುದಿಲ್ಲ. ಶಿಲುಬೆಯನ್ನು ಹೊತ್ತ ಕರ್ತನನ್ನು ಹಿಂಬಾಲಿಸುತ್ತೇವೆ ಎನ್ನುವ ನಾವು ಆ ಖರ್ಚಿಗೆ ಅಂಜಬಾರದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಯಾವ ಧರ್ಮದ ಮನೆಯಲ್ಲೇ ಆಗಲಿ, ಹಣ ಇಡಲು, ಸಾಕ್ಷಿ ಹೇಳಿಸಲು, ಮಗುವನ್ನು ಬಿಟ್ಟು ಹೋಗಲು ನಂಬಿಗಸ್ತರು ಬೇಕಾದಾಗ ಜನ ನಮ್ಮ ಬಾಗಿಲಿಗೆ ಬರುವಂತಾಗಲಿ. ನಮ್ಮ ಪ್ರಸಂಗಗಳೆಲ್ಲ ಆಗ ನಿಜವಾಗುತ್ತವೆ.


­